ಮೂರನೇ ನೀರು

ಅರಸೀಕೆರೆಯಲ್ಲಿ ರೈಲುಗೇಟು ಬಿದ್ದರೆ ಸಾಕು,
ನಮ್ಮ ಷೆಡ್ಡಿಗೆ ಗಡಿಯಾರ ಬೇಕಿಲ್ಲ.
ಎಂಟೂಕಾಲಿನ ಗಾಡಿ ಹೋದ ಮೇಲೆ
ರುದ್ರಮುನಿ ಮೋಟಾರು ಹಾಕುತ್ತಾನೆ,
ಹಬೀಬಾ ತಕ್ಕಡಿಯ ಧೂಳು ಒರೆಸುತ್ತಾಳೆ,
ನನಗೆ ಇತ್ತೀಚೆಗೆ ಆ ಹೊತ್ತಿನಲ್ಲಿ
ಮಾಡಲು ಏನೂ ಇರುವುದಿಲ್ಲ.

ಮೊದಲ ವರ್ಷ ಎಲ್ಲ ನಾನೇ.
ಹಂಡೆಯೊಲೆಗೆ ಹೋಗುತ್ತಿದ್ದ ತೆಂಗಿನ ಮಟ್ಟೆಯನ್ನು
ಮನೆಮನೆ ಸುತ್ತಿ ಬೇಡಿ ತಂದವಳು,
ಜರಡಿ ಹಿಡಿದವಳು, ಬಿಲ್ಲು ಬರೆದವಳು,
ಲಾರಿಯವನ ಜೊತೆ ಜಗಳಕ್ಕೆ ನಿಂತವಳು.
ಮೂಗಿನೊಳಗೆ, ಅನ್ನದೊಳಗೆ, ದಿಂಬಿನ ಬಟ್ಟೆಯೊಳಗೆ
ಕಂದು ಪುಡಿ.
ಕಸ ಮಾರೋ ಕಂಪನಿ ಅಂದರು ಕೊಬ್ಬರಿ ಮಂಡಿಯವರು.
ನಾನೂ ನಕ್ಕೆ. ಸಾಲ ಅವರ ಹತ್ತಿರವೇ ಇತ್ತು.

ಈಗ ಇಪ್ಪತ್ತಾರು ಜನ.
ಹೊಸ ಹುಡುಗಿಯ ಹೆಸರು ಕೇಳಿ, ಮರೆತು,
ಮತ್ತೆ ಕೇಳಲು ನಾಚಿ
ಹಾಜರಿ ಪುಸ್ತಕ ಕದ್ದು ನೋಡುತ್ತೇನೆ:
ದಾಕ್ಷಾಯಿಣಿ, ಬಾಣಾವರ.
ಸಂಜೆಗೆ ಮತ್ತೆ ಮರೆವು.
ಬೆಳೆಯುವುದು ಅಂದರೆ ಇದೇ ಇರಬೇಕು,
ಒಂದೊಂದೇ ಹೆಸರು ಕೈಜಾರುವುದು.

ದುಡ್ಡು ಹಾಕುವವರು ಬಂದಿದ್ದರು ಒಂದು ಸಲ,
ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.
ಮುಂದಿನ ವರ್ಷ ಎಷ್ಟು ಪಟ್ಟು ಮೇಡಂ? ಅಂದರು.
ಪುಡಿ ಒತ್ತಿ ಮಾಡಿದ ಐದು ಕೆಜಿಯ ಇಟ್ಟಿಗೆಯೊಂದನ್ನು
ಡ್ರಮ್ಮಿಗೆ ಹಾಕಿ ನೀರು ಹುಯ್ದೆ.
ಟೀ ಕುಡಿದು ಮುಗಿಸುವಷ್ಟರಲ್ಲಿ
ಉಬ್ಬಿ ಉಬ್ಬಿ ಅಂಚು ದಾಟಿ ನೆಲಕ್ಕೆ ಚೆಲ್ಲಿತು.
ಚಪ್ಪಾಳೆ ತಟ್ಟಿದರು.
ಬಿಸಿಲಿಗಿಟ್ಟರೆ ಅದು ಮತ್ತೆ ಕುಗ್ಗುತ್ತದೆ
ಅಂತ ನಾನು ಹೇಳಲಿಲ್ಲ,
ಅವರು ಕೇಳಲೂ ಇಲ್ಲ.

ಮಟ್ಟೆಯ ಪುಡಿಗೆ ಹುಟ್ಟಿನಿಂದಲೇ ಉಪ್ಪು.
ಅಕ್ಕಿ ತೊಳೆದ ಹಾಗೆ ಒಂದು ನೀರು, ಎರಡು ನೀರು,
ಅವು ನಮ್ಮ ಬೋರಿನವು, ಅದಕ್ಕೂ ತುಸು ಉಪ್ಪು.
ಮೂರನೆಯದು ಟ್ಯಾಂಕರಿನ ಸಿಹಿನೀರು,
ಕಾಸು ಕೊಟ್ಟು ತರಿಸುವುದು.
ಆ ಸೋಮವಾರ ಹಡಗಿನ ದಿನ ಹತ್ತಿರ ಬಂದಿತ್ತು,
ಟ್ಯಾಂಕರಿನವನು ಬಂದಿರಲಿಲ್ಲ.
ರುದ್ರಮುನಿ ಮೀಟರು ಅದ್ದಿ ನೋಡಿ
ಇನ್ನೊಂದ್ ನೀರು ಬೇಕಕ್ಕ, ಅಂದ.
ಸಾಕು, ತುಂಬು, ಅಂದೆ.
ಅವನು ಎರಡನೇ ಸಲ ಹೇಳಲಿಲ್ಲ.
ಈಗ ಯೋಚಿಸಿದರೆ
ಅದೇ ನನಗೆ ಕೇಳಿಸಬೇಕಿತ್ತು.
ಮೊದಲ ವರ್ಷದ ರುದ್ರಮುನಿಯಾಗಿದ್ದರೆ
ಚೀಲದ ಮೇಲೆ ಕೂತು ಬೈಯುತ್ತಿದ್ದ.

ಕಂಟೇನರು ವಾಪಸು ಬಂತು.
ಬರುವ ದಾರಿಯ ಖರ್ಚೂ ನಮ್ಮದೇ.

ಷೆಡ್ಡಿನ ಕರಿಹಲಗೆಯ ಮೇಲೆ
ನಾನೇ ಗೆರೆ ಎಳೆದು ಮಾಡಿದ ಮನೆಗಳಿವೆ:
ತಾರೀಕು, ಲಾಟು, ಉಪ್ಪು, ಹೊಣೆ.
ಕೊನೆಯ ಮನೆಯಲ್ಲಿ ಇಷ್ಟು ದಿನ ಅವರಿವರ ಹೆಸರು.
ಬರೆಯುತ್ತಿದ್ದವಳು ನಾನು.

ಎಂಟೂಕಾಲಿನ ಗಾಡಿ ಹೋಯಿತು.
ಮೋಟಾರು ಹಾಕಬೇಡಿ, ಅಂದೆ.
ಸೀಮೆಸುಣ್ಣ ತಗೊಂಡು ಬರೆದೆ,
ಅಪ್ಪ ಇಟ್ಟ ಹೆಸರು, ಪೂರಾ: ಸರ್ವಮಂಗಳ.
ಮನೆಯೊಳಗೆ ಹಿಡಿಸದೆ ಕಡೇ ಅಕ್ಷರ
ಹಲಗೆಯ ಚೌಕಟ್ಟಿನ ಮೇಲೆ ಬಿತ್ತು.
ಭಾಷಣ ಒಂದನ್ನು ರಾತ್ರಿಯೆಲ್ಲ ಕಟ್ಟಿಕೊಂಡು ಬಂದಿದ್ದೆ.
ಪುಡಿ ಗಂಟಲಿಗೆ ಹೋಯಿತೋ ಏನೋ,
ಬರೀ ಕೆಮ್ಮು ಬಂತು.

ಯಾರೂ ಮಾತಾಡಲಿಲ್ಲ.
ಹಬೀಬಾ ಎದ್ದು ಬಂದು
ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು
ತಾರೀಕು ತಿದ್ದಿದಳು.
ಆ ಸೋಮವಾರ ಹದಿನಾಲ್ಕಲ್ಲ, ಹದಿನೈದು, ಅಂದಳು,
ಬರೆಯೋದಾದ್ರೆ ಸರಿಯಾಗಿ ಬರೀಬೇಕು.

ಹೊರಗೆ ಟ್ಯಾಂಕರಿನ ಹಾರನ್ನು.
ಪೈಪು ಎಳೆಯಲು ಹೊಸ ಹುಡುಗಿ ಓಡಿದಳು.
ಇವತ್ತು ನಾಲ್ಕನೇ ನೀರೂ ಬೀಳಲಿ, ಎಂದು
ಕೂಗಿದ ರುದ್ರಮುನಿ.
ನನ್ನನ್ನು ಕೇಳಲಿಲ್ಲ,
ತಿರುಗಿಯೂ ನೋಡಲಿಲ್ಲ.
ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ನಾಲ್ಕನೆಯದು ದಂಡ,
ಮೂರಕ್ಕೇ ಉಪ್ಪು ಬಿಡುತ್ತದೆ.
ಬಾಯಿ ತೆರೆದೆ.

ದಾಕ್ಷಾಯಿಣಿ, ಅಂದೆ,
ಪೈಪು ಗಟ್ಟಿಯಾಗಿ ಹಿಡಿ.